ಉಪವಲಯಗಳ ಲೆಕ್ಕ ಬಿಡಿ, ಅನುಸೂಚಿಯ ಸಾಲು ಓದಿ

ಭಾರತ ಯಾವುದಾದರೂ ದೇಶದ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದ ಮರುದಿನ ಪತ್ರಿಕೆಗಳಲ್ಲಿ ಒಂದು ಸಂಖ್ಯೆ ತಪ್ಪದೆ ಬರುತ್ತದೆ. ಮಾರಿಷಸ್ ನಮಗೆ ಸುಮಾರು 115 ಸೇವಾ ಉಪವಲಯಗಳನ್ನು ತೆರೆಯಿತು, ಯುಎಇ 111, ಆಸ್ಟ್ರೇಲಿಯಾ 135. ಹುಬ್ಬಳ್ಳಿಯಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ಕಂಪನಿ ನಡೆಸುವವರಿಗೆ, ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿದವರಿಗೆ, ಮೈಸೂರಿನಲ್ಲಿ ಯೋಗ ಕಲಿಸುವವರಿಗೆ ಈ ಸಂಖ್ಯೆಯಿಂದ ಏನು ತಿಳಿಯುತ್ತದೆ? ಏನೂ ತಿಳಿಯುವುದಿಲ್ಲ. ತಿಳಿಯಬೇಕಾದದ್ದೆಲ್ಲ ಒಪ್ಪಂದದ ಹಿಂಬದಿಯಲ್ಲಿ, ಯಾರೂ ತೆರೆಯದ ಅನುಬಂಧಗಳಲ್ಲಿದೆ. ಅದನ್ನು ಓದಲು ವಕೀಲರಾಗಬೇಕಿಲ್ಲ. ಎಲ್ಲಿ ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಎಂಬುದು ಗೊತ್ತಿದ್ದರೆ ಒಂದು ಸಂಜೆಯ ಕೆಲಸ. ಆ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದ್ದೇನೆ.

ಸರಕಿನ ಒಪ್ಪಂದ ಸುಲಭ. ಸುಂಕ ಶೇ 10 ಇತ್ತು, ಸೊನ್ನೆಯಾಯಿತು, ಮುಗಿಯಿತು. ಸೇವೆಗೆ ಬಂದರಿನಲ್ಲಿ ಸುಂಕವಿಲ್ಲ. ಅದನ್ನು ತಡೆಯುವುದು ವೀಸಾ, ಪರವಾನಗಿ, ಪದವಿಯ ಮಾನ್ಯತೆ, ಬಂಡವಾಳದ ಮಿತಿ, ತೆರಿಗೆ. ಹಾಗಾಗಿ ಸೇವೆಯ ಅಧ್ಯಾಯ ಎಂದರೆ ಇನ್ನೊಂದು ದೇಶದ ಕಾನೂನು ನಿಮ್ಮನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದರ ಲಿಖಿತ ಮಾತು.

ಹಂತ 1: ಒಪ್ಪಂದ ಇದೆಯೇ, ಜಾರಿಯಲ್ಲಿದೆಯೇ ನೋಡಿ

ಮೊದಲು ಕೇಳಬೇಕಾದ್ದು, ನಿಮ್ಮ ಗಿರಾಕಿಯ ದೇಶದ ಜೊತೆ ಭಾರತಕ್ಕೆ ಸೇವೆಗಳನ್ನು ಒಳಗೊಂಡ ಒಪ್ಪಂದ ಇದೆಯೇ ಎಂದು. ಶ್ರೀಲಂಕಾದ ಜೊತೆ 1998ರಲ್ಲಿ ಸಹಿಯಾದ ಒಪ್ಪಂದ ಸರಕಿಗೆ ಮಾತ್ರ. ಸೇವೆಗಳನ್ನೂ ಸೇರಿಸಿ ಭಾರತ ಮಾಡಿಕೊಂಡ ಮೊದಲ ಸಮಗ್ರ ಒಪ್ಪಂದ ಸಿಂಗಪುರದ್ದು. 2005ರ ಜೂನ್ 29ರಂದು ಸಹಿಯಾಗಿ ಆಗಸ್ಟ್ 1ರಿಂದ ಜಾರಿಗೆ ಬಂತು. ಆಮೇಲೆ ದಕ್ಷಿಣ ಕೊರಿಯಾ (2010), ಮಲೇಷ್ಯಾ ಮತ್ತು ಜಪಾನ್ (2011), ಆಸಿಯಾನ್ ದೇಶಗಳು (2015), ಮಾರಿಷಸ್ (2021), ಯುಎಇ ಮತ್ತು ಆಸ್ಟ್ರೇಲಿಯಾ (2022). ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್ ಸೇರಿದ ಎಫ್ಟಾ ಗುಂಪಿನ ಜೊತೆ 2024ರ ಮಾರ್ಚ್ 10ರಂದು ಸಹಿ ಬಿತ್ತು. ಆದರೆ ಅದು ಜಾರಿಗೆ ಬಂದದ್ದು 2025ರ ಅಕ್ಟೋಬರ್ 1ರಂದು, ಒಂದೂವರೆ ವರ್ಷ ಕಳೆದ ಮೇಲೆ. ಬ್ರಿಟನ್ ಜೊತೆಗಿನ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿಯಾಯಿತು. ಸಹಿಯ ಸುದ್ದಿ ಓದಿ ಗಿರಾಕಿಗೆ ಪತ್ರ ಬರೆಯುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಜಾರಿಯ ದಿನಾಂಕ ಖಚಿತಪಡಿಸಿಕೊಳ್ಳಿ.

ಆಸಿಯಾನ್ ಕತೆಯನ್ನು ಇಲ್ಲೇ ಹೇಳಬೇಕು, ಏಕೆಂದರೆ ಭಾರತದ ಇವತ್ತಿನ ಧೋರಣೆ ರೂಪುಗೊಂಡದ್ದರಲ್ಲಿ ಅದರ ಪಾಲು ದೊಡ್ಡದು. ಸರಕಿನ ಒಪ್ಪಂದ 2010ರಲ್ಲೇ ಜಾರಿಗೆ ಬಂತು, ಸೇವೆಗಳದ್ದು 2015ರ ಜುಲೈವರೆಗೆ ಕಾಯಿತು. ನಮ್ಮ ಸುಂಕ ಇಳಿಸುವ ಮಾತು ಮೊದಲೇ ಕೊಟ್ಟಾಗಿತ್ತು, ಸೇವೆಯ ಚೌಕಾಶಿಗೆ ಕೂತಾಗ ಕೈಯಲ್ಲಿ ಕೊಡಲು ಹೆಚ್ಚೇನೂ ಉಳಿದಿರಲಿಲ್ಲ. ಆ ಅನುಭವದ ನಂತರ ದೆಹಲಿ ಸರಕು ಮತ್ತು ಸೇವೆಗಳನ್ನು ಒಂದೇ ಗಂಟಿನಲ್ಲಿ ಕಟ್ಟುವ ಪಟ್ಟು ಹಿಡಿಯಿತು. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಏಷ್ಯಾ–ಪೆಸಿಫಿಕ್ ದೇಶಗಳ ಆರ್‌ಸಿಇಪಿ ಒಪ್ಪಂದದ ಮಾತುಕತೆಯಿಂದ ಹೊರಬಂದಾಗಲೂ, ಸುಂಕ ಇಳಿಸಿದ್ದಕ್ಕೆ ತಕ್ಕ ಪ್ರತಿಫಲ ಸೇವೆಗಳಲ್ಲಿ ಸಿಗುತ್ತಿಲ್ಲ ಎಂಬ ಅಸಮಾಧಾನ ಕಾರಣಗಳಲ್ಲೊಂದಾಗಿತ್ತು.

ಅಮೆರಿಕದ ವಿಷಯ ಬೇರೆ. ನಮ್ಮ ಸಾಫ್ಟ್‌ವೇರನ್ನು ಅತಿ ಹೆಚ್ಚು ಕೊಳ್ಳುವ ಆ ದೇಶದ ಜೊತೆಗೆ ಸೇವೆಗಳ ಮುಕ್ತ ವ್ಯಾಪಾರ ಒಪ್ಪಂದ (ಎಫ್‌ಟಿಎ) ಇಲ್ಲದೆಯೇ ಬೆಂಗಳೂರು ಬೆಳೆದಿದೆ. ಒಪ್ಪಂದವಿಲ್ಲದೆ ವ್ಯಾಪಾರವಿಲ್ಲ ಎಂದು ಭಾವಿಸಬೇಡಿ.

ಒಪ್ಪಂದದ ಪಠ್ಯ ಕೇಂದ್ರ ವಾಣಿಜ್ಯ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಸೇವೆಗಳ ಅಧ್ಯಾಯ, ವ್ಯಕ್ತಿಗಳ ತಾತ್ಕಾಲಿಕ ಸಂಚಾರದ ಅಧ್ಯಾಯ, ಎರಡೂ ದೇಶಗಳ ಅನುಸೂಚಿಗಳು, ಜೊತೆಗಿಟ್ಟ ಪತ್ರಗಳು: ಇಷ್ಟನ್ನು ಇಳಿಸಿಕೊಳ್ಳಿ. ಸರ್ಕಾರದ ಪತ್ರಿಕಾ ಪ್ರಕಟಣೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಹಂತ 2: ನಿಮ್ಮ ಸೇವೆ ಗಡಿ ದಾಟುವ ಬಗೆ ಯಾವುದು?

1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆಯ ಜೊತೆಗೇ ಹುಟ್ಟಿದ ಸೇವಾ ವ್ಯಾಪಾರ ಒಪ್ಪಂದಕ್ಕೆ ಗ್ಯಾಟ್ಸ್ ಎಂದು ಹೆಸರು. ಸೇವೆ ಗಡಿ ದಾಟುವುದನ್ನು ಅದು ನಾಲ್ಕು ಬಗೆಯಾಗಿ ವಿಂಗಡಿಸಿತು. ಸೇವೆಗಳನ್ನು ಒಳಗೊಂಡ ಭಾರತದ ಎಫ್‌ಟಿಎಗಳೂ ಈ ವಿಂಗಡಣೆಯನ್ನೇ ನೆಚ್ಚಿಕೊಂಡಿವೆ. ಮಾತುಕತೆ ನಡೆಸುವವರು ಇವನ್ನು ಮೋಡ್ 1, 2, 3, 4 ಎಂದೇ ಕರೆಯುತ್ತಾರೆ. ಇದೊಂದು ಬಾಯಿಗೆ ಬಂದರೆ ಅರ್ಧ ಪಾಠ ಮುಗಿದಂತೆ.

ಮೋಡ್ 1ರಲ್ಲಿ ಸೇವೆ ಮಾತ್ರ ದಾಟುತ್ತದೆ, ಮನುಷ್ಯ ಅಲುಗುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ಲಂಡನ್ನಿನ ಬ್ಯಾಂಕಿಗೆ ಕೋಡ್ ಬರೆದು ಕಳಿಸಿದರೆ ಅದು ಮೋಡ್ 1. ಮೋಡ್ 2ರಲ್ಲಿ ಗಿರಾಕಿಯೇ ಇಲ್ಲಿಗೆ ಬರುತ್ತಾನೆ. ಮೈಸೂರಿನ ಗೋಕುಲಂನಲ್ಲಿ ಅಷ್ಟಾಂಗ ಯೋಗ ಕಲಿಯಲು ಬರುವ ವಿದೇಶಿಯರು, ಬೆಂಗಳೂರಿನ ಆಸ್ಪತ್ರೆಗೆ ಹೃದಯದ ಶಸ್ತ್ರಚಿಕಿತ್ಸೆಗೆ ಬರುವ ಆಫ್ರಿಕಾದ ರೋಗಿಗಳು, ಎಲ್ಲರೂ ನಾವು ರಫ್ತು ಮಾಡುವ ಸೇವೆಯ ಗಿರಾಕಿಗಳೇ. ರೋಗಿ ಬಂದಿಳಿದದ್ದನ್ನು ರಫ್ತು ಎಂದು ಕರೆಯುವುದು ಮೊದಲು ವಿಚಿತ್ರ ಎನಿಸೀತು, ಆದರೆ ಡಾಲರ್ ಒಳಗೆ ಬರುತ್ತದಲ್ಲ. ಮೋಡ್ 3 ಎಂದರೆ ಕಂಪನಿ ಇನ್ನೊಂದು ದೇಶದಲ್ಲಿ ಕಚೇರಿ ತೆರೆಯುವುದು: ಇಲ್ಲಿ ಶಾಖೆ ಇಟ್ಟ ವಿದೇಶಿ ಬ್ಯಾಂಕು, ಜಾಗತಿಕ ಕಂಪನಿಗಳು ಬೆಂಗಳೂರಿನಲ್ಲಿ ಕಟ್ಟಿಕೊಂಡ ಸ್ವಂತ ಕೇಂದ್ರಗಳು. ಮೋಡ್ 4 ಎಂದರೆ ಮನುಷ್ಯ ತಾನೇ ತಾತ್ಕಾಲಿಕವಾಗಿ ಹೋಗಿ ಸೇವೆ ಕೊಡುವುದು: ಮೂರು ತಿಂಗಳು ಸಿಡ್ನಿಯ ಗಿರಾಕಿಯ ಕಚೇರಿಯಲ್ಲಿ ಕೂರುವ ಎಂಜಿನಿಯರ್, ಟೋಕಿಯೊದ ಅಡುಗೆಮನೆಗೆ ಹೋಗುವ ಬಾಣಸಿಗ.

ಭಾರತದ ಧೋರಣೆಯನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ಇದು: ಕೇಳುವುದು ಮೋಡ್ 4 ಮತ್ತು ಮೋಡ್ 1, ಎದುರಿನವರು ನಮ್ಮಿಂದ ಕೇಳುವುದು ಮೋಡ್ 3. ನಮ್ಮಲ್ಲಿ ಕಲಿತ ಜನ ಹೆಚ್ಚು, ಅವರಲ್ಲಿ ಬಂಡವಾಳ ಹೆಚ್ಚು. ಅವರಿಗೆ ನಮ್ಮ ಬ್ಯಾಂಕು, ವಿಮೆ, ಚಿಲ್ಲರೆ ವ್ಯಾಪಾರ, ವಕೀಲಿಕೆ ಬೇಕು. ನಮಗೆ ಅವರ ವೀಸಾ ಬೇಕು. ಎರಡು ದಶಕಗಳ ಎಲ್ಲ ಮಾತುಕತೆಗಳೂ ಈ ವಿನಿಮಯದ ಸುತ್ತಲೇ ತಿರುಗಿವೆ. ಭಾರತದ ಸೇವಾ ರಫ್ತು 2024–25ರಲ್ಲಿ 387 ಶತಕೋಟಿ ಡಾಲರ್ ಮುಟ್ಟಿತು. ಅದರಲ್ಲಿ ದೊಡ್ಡ ಪಾಲು ಮೋಡ್ 1ರದ್ದು, ಅಂದರೆ ವೀಸಾ ಕೇಳದ ದಾರಿಯದ್ದು. ಆದರೂ ಮಾತುಕತೆಯ ಮೇಜಿನ ಮೇಲೆ ಜಗಳವೆಲ್ಲ ಮೋಡ್ 4ಕ್ಕೆ. ಈ ಒತ್ತು ಸ್ವಲ್ಪ ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ಗಿರಾಕಿಯ ದತ್ತಾಂಶವನ್ನು ಬೆಂಗಳೂರಿಗೆ ಕಳಿಸಲು ಬಿಡದ ಒಂದು ಕಾನೂನು, ನೂರು ವೀಸಾ ತಿರಸ್ಕಾರಗಳಿಗಿಂತ ಹೆಚ್ಚು ಕೆಲಸ ಕಸಿಯಬಲ್ಲದು.

ನಿಮ್ಮ ಸೇವೆಯನ್ನು ಒಂದು ಹಾಳೆಯಲ್ಲಿ ಬರೆದು ಪಕ್ಕದಲ್ಲಿ ಮೋಡ್ ಗುರುತಿಸಿ. ಎರಡು ಮೋಡ್ ಬಂದರೆ ಎರಡನ್ನೂ ಬರೆಯಿರಿ.

ಹಂತ 3: ನಿಮ್ಮ ಸೇವೆಯ ಸಂಖ್ಯೆ ಹುಡುಕಿ

ವಿಶ್ವ ವ್ಯಾಪಾರ ಸಂಸ್ಥೆಯ ಪಟ್ಟಿಯೊಂದು ಸೇವೆಗಳನ್ನು 12 ವಲಯಗಳಾಗಿ, ಸುಮಾರು 160 ಉಪವಲಯಗಳಾಗಿ ಒಡೆದಿದೆ. ಸುದ್ದಿಯಲ್ಲಿ ಬರುವ 111, 135 ಎಂಬ ಎಣಿಕೆಗಳ ಮೂಲ ಇಂಥ ಪಟ್ಟಿಯೇ. ಪ್ರತಿ ಉಪವಲಯಕ್ಕೂ ವಿಶ್ವಸಂಸ್ಥೆಯ ಉತ್ಪನ್ನ ವರ್ಗೀಕರಣದ (ಸಿಪಿಸಿ) ಸಂಖ್ಯೆ ಇರುತ್ತದೆ. ಕಂಪ್ಯೂಟರ್ ಸೇವೆಗಳು 84ರಿಂದ ಶುರುವಾಗುತ್ತವೆ. ಈ ಪಟ್ಟಿ ತೊಂಬತ್ತರ ದಶಕದ ಆರಂಭದ್ದು, ಕ್ಲೌಡ್ ಎಂದರೆ ಆಗ ಮಳೆ ಮೋಡ ಮಾತ್ರ. ಹಾಗಾಗಿ ಹೊಸ ಸೇವೆಯಾದರೆ ನಿಮಗೆ ಹತ್ತಿರದ ಎರಡು ಮೂರು ಸಂಖ್ಯೆಗಳನ್ನೂ ನೋಡಿ.

ಹಂತ 4: ಅನುಸೂಚಿಯ ಸಾಲು ಓದಿ

ಇದೇ ಮುಖ್ಯ ಹಂತ. ಇಲ್ಲಿ ಅವಸರ ಬೇಡ.

ಅನುಸೂಚಿ ಎಂದರೆ ಕಾಲಂಗಳಿರುವ ಒಂದು ಕೋಷ್ಟಕ. ಮೊದಲ ಕಾಲಂನಲ್ಲಿ ಸೇವೆಯ ಹೆಸರು, ಎರಡನೆಯದರಲ್ಲಿ ಮಾರುಕಟ್ಟೆ ಪ್ರವೇಶಕ್ಕೆ ಇರುವ ಮಿತಿಗಳು, ಮೂರನೆಯದರಲ್ಲಿ ಸ್ವದೇಶಿಯರಿಗೆ ಸಮನಾಗಿ ನಡೆಸಿಕೊಳ್ಳುವುದಕ್ಕೆ ಇರುವ ಮಿತಿಗಳು, ಕೊನೆಯದರಲ್ಲಿ ಹೆಚ್ಚುವರಿ ಮಾತುಗಳು. ಪ್ರತಿ ಕಾಲಂನಲ್ಲೂ 1ರಿಂದ 4ರವರೆಗೆ ಮೋಡ್‌ಗಳ ಸಾಲು. ಎರಡನೆಯ ಕಾಲಂ ನಿಮ್ಮನ್ನು ಒಳಗೆ ಬಿಡುತ್ತಾರೋ ಇಲ್ಲವೋ ಹೇಳುತ್ತದೆ. ಮೂರನೆಯದು, ಒಳಗೆ ಬಂದ ಮೇಲೆ ಸ್ಥಳೀಯರಿಗೊಂದು ನಿಮಗೊಂದು ನಿಯಮ ಮಾಡುತ್ತಾರೋ ಎಂಬುದನ್ನು. ಜಮೀನು ಕೊಳ್ಳುವವರು ಪಹಣಿಯ 9ನೇ ಕಾಲಂನಲ್ಲಿ ಹೆಸರು ನೋಡಿ ಖುಷಿಪಟ್ಟು, ಋಣಗಳಿರುವ 11ನೇ ಕಾಲಂ ಬಿಟ್ಟರೆ ಏನಾಗುತ್ತದೋ, ಸೇವೆಯ ಹೆಸರು ನೋಡಿ ಮುಂದಿನ ಕಾಲಂ ಬಿಟ್ಟವರಿಗೂ ಅದೇ ಆಗುತ್ತದೆ.

ಕಾಲಂಗಳಲ್ಲಿ ಎರಡು ಇಂಗ್ಲಿಷ್ ಪದಗಳು ಪದೇ ಪದೇ ಬರುತ್ತವೆ, ಹೊಸಬರು ಎಡವುವುದು ಇಲ್ಲೇ. ‘ನನ್’ ಎಂದು ಬರೆದಿದ್ದರೆ ಏನೂ ಸಿಗುವುದಿಲ್ಲ ಎಂದಲ್ಲ, ಮಿತಿ ಏನೂ ಇಲ್ಲ ಎಂದು. ಬಾಗಿಲು ಪೂರ್ತಿ ತೆರೆದಿದೆ. ‘ಅನ್‌ಬೌಂಡ್’ ಎಂದಿದ್ದರೆ ಆ ದೇಶ ಯಾವ ಮಾತನ್ನೂ ಕೊಟ್ಟಿಲ್ಲ. ಇವತ್ತು ಬಿಟ್ಟರೂ ನಾಳೆ ಮುಚ್ಚಬಹುದು.

ಈಗ ಒಂದು ನಿಜವಾದ ಸಾಲು ಓದೋಣ. ಗ್ಯಾಟ್ಸ್‌ಗಾಗಿ ಭಾರತ ಬರೆದುಕೊಟ್ಟ ಮೊದಲ ಅನುಸೂಚಿಯಲ್ಲಿ ಕಂಪ್ಯೂಟರ್ ಸೇವೆಗಳ ಸಾಲು ಹೀಗಿತ್ತು. ಮೋಡ್ 1: ಅನ್‌ಬೌಂಡ್. ಮೋಡ್ 2: ಅನ್‌ಬೌಂಡ್. ಮೋಡ್ 3: ಭಾರತದಲ್ಲಿ ಕಂಪನಿ ನೋಂದಾಯಿಸಬೇಕು, ವಿದೇಶಿ ಪಾಲು ಶೇ 51 ಮೀರಬಾರದು. ಮೋಡ್ 4: ಎಲ್ಲ ವಲಯಗಳಿಗೂ ಅನ್ವಯಿಸುವ ಸಾಮಾನ್ಯ ಭಾಗದಲ್ಲಿ ಹೇಳಿದಷ್ಟನ್ನು ಬಿಟ್ಟು ಅನ್‌ಬೌಂಡ್.

ಇದರಿಂದ ಎರಡು ಪಾಠ. ಒಂದು, ಮುಂದೆ ಮೋಡ್ 1ರಿಂದಲೇ ಹೊಟ್ಟೆ ಹೊರೆಯಬೇಕಾಗಿದ್ದ ದೇಶ, ತನ್ನ ಪಟ್ಟಿಯಲ್ಲಿ ಅದೇ ಮೋಡ್‌ಗೆ ಯಾವ ಮಾತನ್ನೂ ಕೊಟ್ಟಿರಲಿಲ್ಲ. ತಂತಿಯ ಮೇಲೆ ಸೇವೆ ಹರಿದುಹೋಗುವ ಕಾಲ ಆಗಿನ್ನೂ ಪೂರ್ತಿ ಕಂಡಿರಲಿಲ್ಲ. ಕೆಲವೇ ವರ್ಷಗಳಲ್ಲಿ ಭಾರತ ತಿರುಗಿ ನಿಂತು ಮೋಡ್ 1ರ ದೊಡ್ಡ ವಕೀಲನಾಯಿತು. ಎರಡು, ಬರೆದುಕೊಟ್ಟದ್ದು ಶೇ 51 ಆದರೂ, ಇಂದಿನ ನೀತಿಯಲ್ಲಿ ಸಾಫ್ಟ್‌ವೇರ್ ಕ್ಷೇತ್ರಕ್ಕೆ ಶೇ 100 ವಿದೇಶಿ ಬಂಡವಾಳ ಸರ್ಕಾರದ ಪೂರ್ವಾನುಮತಿ ಇಲ್ಲದೆಯೇ ಬರಬಹುದು. ಕಾಗದದ ಮೇಲಿನ ಮಾತಿಗೂ ನೆಲದ ಮೇಲಿನ ನೀತಿಗೂ ನಡುವೆ ಇಷ್ಟು ಅಂತರ. ಪಾಲುದಾರ ದೇಶಗಳು ಎಫ್‌ಟಿಎಗಳಲ್ಲಿ ನಮ್ಮಿಂದ ಕೇಳುವುದು ಬಹುಪಾಲು ಈ ಅಂತರ ಮುಚ್ಚುವುದನ್ನೇ: ಈಗ ಹೇಗೂ ಬಿಡುತ್ತಿದ್ದೀರಿ, ಅದನ್ನೇ ಬರೆದುಕೊಡಿ, ನಾಳೆ ಹಿಂದೆ ಸರಿಯಬೇಡಿ ಎಂದು.

ಇದೇ ಕಾರಣಕ್ಕೆ ‘ತೆರೆಯಿತು’ ಎಂಬ ಸುದ್ದಿಶೀರ್ಷಿಕೆ ಬಹುಮಟ್ಟಿಗೆ ದಾರಿತಪ್ಪಿಸುವಂಥದ್ದು. ಒಪ್ಪಂದದ ಮುಂಚೆಯೂ ಬಾಗಿಲು ತೆರೆದೇ ಇತ್ತು, ಈಗ ಅದಕ್ಕೆ ಅಗಳಿ ಹಾಕುವುದಿಲ್ಲ ಎಂಬ ಮಾತು ಸಿಕ್ಕಿದೆ. ಅದಕ್ಕೂ ಬೆಲೆ ಇದೆ. ಹತ್ತು ವರ್ಷದ ಗುತ್ತಿಗೆ ಒಪ್ಪುವ ಕಂಪನಿಗೆ ಆ ಭರವಸೆ ಬೇಕು. ಆದರೆ ಹೊಸ ಗಿರಾಕಿ ಅದರಿಂದ ತಾನಾಗಿ ಹುಟ್ಟುವುದಿಲ್ಲ.

ಹಂತ 5: ಮೇಲಿನ ಸಾಮಾನ್ಯ ಭಾಗಕ್ಕೆ ಹಿಂತಿರುಗಿ

ಮೋಡ್ 4ರ ಕಾಲಂ ಬಹುತೇಕ ಎಲ್ಲ ಕಡೆಯೂ ನಿಮ್ಮನ್ನು ಅನುಸೂಚಿಯ ಮೊದಲ ಪುಟಗಳಿಗೆ ಅಥವಾ ವ್ಯಕ್ತಿಗಳ ಸಂಚಾರದ ಅಧ್ಯಾಯಕ್ಕೆ ಕಳಿಸುತ್ತದೆ. ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಗಗಳಿರುತ್ತವೆ: ಮಾತುಕತೆಗೆ ಬಂದು ಹೋಗುವ ವ್ಯಾಪಾರ ಭೇಟಿಗಾರರು, ಒಂದೇ ಕಂಪನಿಯ ಒಂದು ದೇಶದ ಕಚೇರಿಯಿಂದ ಇನ್ನೊಂದಕ್ಕೆ ವರ್ಗವಾಗುವ ವ್ಯವಸ್ಥಾಪಕರು ಮತ್ತು ಪರಿಣತರು, ಅಲ್ಲಿ ಕಚೇರಿಯಿಲ್ಲದ ಭಾರತೀಯ ಕಂಪನಿ ಗುತ್ತಿಗೆ ಪೂರೈಸಲು ಕಳಿಸುವ ನೌಕರರು, ತಾವೇ ಗುತ್ತಿಗೆ ಹಿಡಿದು ಹೋಗುವ ಸ್ವತಂತ್ರ ವೃತ್ತಿಪರರು. ದೊಡ್ಡ ಐಟಿ ಕಂಪನಿಗಳಿಗೆ ಎರಡನೆಯ ವರ್ಗ ಸಾಕು, ಅವರಿಗೆ ಎಲ್ಲೆಡೆ ಕಚೇರಿಗಳಿವೆ. ಹುಬ್ಬಳ್ಳಿಯ ಸಣ್ಣ ಕಂಪನಿಗೆ ದಾರಿ ಇರುವುದು ಮೂರನೆಯದರಲ್ಲಿ, ಒಬ್ಬಂಟಿ ವಿನ್ಯಾಸಕಾರರಿಗೆ ನಾಲ್ಕನೆಯದರಲ್ಲಿ. ಎಷ್ಟು ತಿಂಗಳು ಇರಬಹುದು, ಎಷ್ಟು ವರ್ಷದ ಅನುಭವ ಬೇಕು, ಪದವಿ ಕಡ್ಡಾಯವೇ, ಸಂಬಳದ ಕೆಳಮಿತಿ ಇದೆಯೇ, ಸ್ಥಳೀಯರು ಸಿಗುವುದಿಲ್ಲ ಎಂದು ಮೊದಲು ತೋರಿಸಬೇಕೇ: ಈ ಐದನ್ನು ಗುರುತು ಹಾಕಿಕೊಳ್ಳಿ. ಕೊನೆಯ ಷರತ್ತು ಇದ್ದರೆ ಉಳಿದ ನಾಲ್ಕು ಎಷ್ಟು ಉದಾರವಾಗಿದ್ದರೂ ಹೆಚ್ಚು ಪ್ರಯೋಜನವಿಲ್ಲ.

ಒಂದು ಗಡಿಗೆರೆ ನೆನಪಿರಲಿ. ಗ್ಯಾಟ್ಸ್‌ನ ಅನುಬಂಧವೊಂದು ಉದ್ಯೋಗ ಮಾರುಕಟ್ಟೆಯ ಪ್ರವೇಶ, ಪೌರತ್ವ, ಕಾಯಂ ವಾಸ ಇವನ್ನು ಒಪ್ಪಂದದ ಹೊರಗಿಟ್ಟಿದೆ. ಎಫ್‌ಟಿಎಗಳೂ ಸಾಮಾನ್ಯವಾಗಿ ಅದನ್ನೇ ಅನುಸರಿಸುತ್ತವೆ. ಉಡುಪಿ, ಭಟ್ಕಳ, ಮಂಗಳೂರಿನಿಂದ ದುಬೈಗೆ ಅಲ್ಲಿನ ಕಂಪನಿಯ ನೌಕರಿಗೆ ಹೋಗುವವರು ಈ ಅರ್ಥದಲ್ಲಿ ಸೇವಾ ಪೂರೈಕೆದಾರರಲ್ಲ. ಯುಎಇ ಒಪ್ಪಂದದಿಂದ ಗಲ್ಫ್ ನೌಕರಿ ಸುಲಭವಾಯಿತು ಎಂದು ಯಾರಾದರೂ ಏಜೆಂಟರು ಹೇಳಿದರೆ ದುಡ್ಡು ಕೊಡಬೇಡಿ.

ಸಿಂಗಪುರದ ಕತೆ ಇನ್ನೂ ಬೋಧಪ್ರದ. ಅಲ್ಲಿನ ಒಪ್ಪಂದದ ಅನುಬಂಧದಲ್ಲಿ 127 ವೃತ್ತಿಗಳ ಪಟ್ಟಿ ಇದೆ. ಆ ಪಟ್ಟಿಯನ್ನು ನೋಡಿ, ಭಾರತೀಯರು ತಡೆಯಿಲ್ಲದೆ ಬಂದು ನಮ್ಮ ಕೆಲಸ ಕಸಿಯುತ್ತಿದ್ದಾರೆ ಎಂದು ಅಲ್ಲಿನ ಜನ ವರ್ಷಗಟ್ಟಲೆ ಸಿಟ್ಟಾದರು. 2021ರಲ್ಲಿ ವಿಷಯ ಸಂಸತ್ತಿನಲ್ಲೇ ಚರ್ಚೆಗೆ ಬಂತು. ಕಂಪನಿಯೊಳಗಿನ ವರ್ಗಾವಣೆಯ ದಾರಿಯಲ್ಲಿ ಈ ಒಪ್ಪಂದದಡಿ ಭಾರತದಿಂದ ಬಂದವರು 2020ರಲ್ಲಿ ಸುಮಾರು 500 ಮಂದಿ ಮಾತ್ರ ಎಂದು ಸಚಿವರು ಲೆಕ್ಕ ಕೊಟ್ಟರು. ಉಳಿದವರೆಲ್ಲ ಬೇರೆ ದೇಶದವರ ಹಾಗೆಯೇ ಸಾಮಾನ್ಯ ವೀಸಾ ನಿಯಮಗಳಲ್ಲಿ ಬಂದವರು. ಅಲ್ಲಿ ಕೆಲವರು ಒಪ್ಪಂದವನ್ನು ಶಪಿಸಿದರು, ಇಲ್ಲಿ ಕೆಲವರು ಅದನ್ನೇ ಕೊಂಡಾಡಿದರು. ಇಬ್ಬರೂ ಅನುಬಂಧ ಓದಿರಲಿಲ್ಲ.

ಸಂಖ್ಯೆ ಸ್ಪಷ್ಟವಾಗಿ ಬರೆದಿರುವ ಕಡೆ ಮಾತ್ರ ಮೋಡ್ 4 ಗಟ್ಟಿ. ಆಸ್ಟ್ರೇಲಿಯಾ ಭಾರತೀಯ ಬಾಣಸಿಗರಿಗೆ ಮತ್ತು ಯೋಗ ಶಿಕ್ಷಕರಿಗೆ ವರ್ಷಕ್ಕೆ 1,800ರ ಕೋಟಾ ಕೊಟ್ಟಿದೆ. ಬ್ರಿಟನ್ ಒಪ್ಪಂದದಲ್ಲೂ ಅದೇ 1,800, ಅಲ್ಲಿ ಶಾಸ್ತ್ರೀಯ ಸಂಗೀತಗಾರರೂ ಸೇರಿದ್ದಾರೆ. ಇಡೀ ಭಾರತಕ್ಕೆ ಇಷ್ಟೇ. ಮೈಸೂರಿನ ಯೋಗ ಶಿಕ್ಷಕರು ಋಷಿಕೇಶದವರ ಜೊತೆ, ಬಾಣಸಿಗರ ಜೊತೆ ಇದನ್ನು ಹಂಚಿಕೊಳ್ಳಬೇಕು. ಅಮೆರಿಕ ಗ್ಯಾಟ್ಸ್‌ನಲ್ಲೇ ಪರಿಣತರ ಎಚ್–1ಬಿ ವೀಸಾಗೆ ವರ್ಷಕ್ಕೆ 65,000 ಎಂದು ಎಲ್ಲ ದೇಶಗಳಿಗೂ ಸೇರಿಸಿ ಬರೆದುಕೊಟ್ಟಿದೆ. ಆಮೇಲೆ ಸಿಂಗಪುರಕ್ಕೆ 5,400, ಚಿಲಿಗೆ 1,400 ಪ್ರತ್ಯೇಕ ವೀಸಾಗಳನ್ನು ಎಫ್‌ಟಿಎ ಮೂಲಕ ಕೊಟ್ಟಿತು. ಭಾರತಕ್ಕೆ ಅಂಥದ್ದಿಲ್ಲ. ಆದರೂ ಬರಹಕ್ಕೆ ಬೆಲೆ ಇದೆ: ಅಮೆರಿಕ ವೀಸಾ ಶುಲ್ಕ ಏರಿಸಿದ್ದಕ್ಕೆ 2016ರಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಡಲು ಸಾಧ್ಯವಾದದ್ದು ಆ ಸಾಲು ಇದ್ದದ್ದರಿಂದಲೇ.

ಹಂತ 6: ಭಾರತ ಕೊಟ್ಟದ್ದೇನು ನೋಡಿ

ನಿಮ್ಮ ವ್ಯಾಪಾರಕ್ಕೆ ಹೊರಗಿನ ಪೈಪೋಟಿ ಬರುತ್ತದೆಯೇ ಎಂಬ ಭಯವಿದ್ದರೆ ನಮ್ಮದೇ ಅನುಸೂಚಿ ತೆರೆಯಿರಿ. ಇಲ್ಲಿ ಭಾರತ ಜಿಪುಣ. ಬರೆದದ್ದಷ್ಟೇ ಒಳಗೆ, ಉಳಿದದ್ದೆಲ್ಲ ಹೊರಗೆ ಎಂಬ ಧನಾತ್ಮಕ ಪಟ್ಟಿಯ ಪದ್ಧತಿಯನ್ನು ಅದು ಬಹುಕಾಲ ಬಿಗಿಯಾಗಿ ಹಿಡಿದುಕೊಂಡು ಬಂದಿದೆ. ಇದಕ್ಕೆ ವಿರುದ್ಧವಾದದ್ದು ಋಣಾತ್ಮಕ ಪಟ್ಟಿ: ಹೊರಗಿಟ್ಟದ್ದನ್ನು ಮಾತ್ರ ಬರೆಯುವುದು, ಉಳಿದದ್ದೆಲ್ಲ ತೆರೆದಂತೆ. ಅದರಲ್ಲಿ ನಾಳೆ ಹುಟ್ಟುವ ಸೇವೆಯೂ ತಾನಾಗಿ ಒಳಗೆ ಬರುತ್ತದೆ. ಇನ್ನೂ ಕಾನೂನೇ ಮಾಡದ ಕ್ಷೇತ್ರಕ್ಕೆ ಇವತ್ತೇ ಮಾತು ಕೊಡಲು ಭಾರತ ಹಿಂಜರಿಯುವುದರಲ್ಲಿ ತಪ್ಪೇನೂ ಇಲ್ಲ.

ವಿಮೆಯ ಉದಾಹರಣೆ ನೋಡಿ. ವಿದೇಶಿ ಬಂಡವಾಳದ ಮಿತಿ ಶೇ 26 ಇದ್ದದ್ದು 2015ರಲ್ಲಿ 49, 2021ರಲ್ಲಿ 74 ಆಯಿತು. 2025ರ ಬಜೆಟ್ ಶೇ 100 ಎಂದು ಘೋಷಿಸಿತು. ಇದ್ಯಾವುದೂ ಎಫ್‌ಟಿಎ ಕೊಟ್ಟ ಉಡುಗೊರೆಯಲ್ಲ, ನಮ್ಮ ಸಂಸತ್ತು ಮತ್ತು ಸರ್ಕಾರ ತಮ್ಮ ಲೆಕ್ಕಾಚಾರದಲ್ಲಿ ಮಾಡಿದ್ದು. ಬಹು ಬ್ರ್ಯಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇ 51ರ ಮಿತಿ, ರಾಜ್ಯದ ಒಪ್ಪಿಗೆಯ ಷರತ್ತು ಹಾಗೇ ಉಳಿದಿವೆ. ವಕೀಲಿಕೆಯಂತೂ ಗಟ್ಟಿ ಕೋಟೆ. 1961ರ ವಕೀಲರ ಕಾಯ್ದೆಯ ಪ್ರಕಾರ ವಿದೇಶಿ ವಕೀಲರು ಇಲ್ಲಿ ವೃತ್ತಿ ನಡೆಸುವಂತಿಲ್ಲ, ಆಗೊಮ್ಮೆ ಈಗೊಮ್ಮೆ ಬಂದು ತಮ್ಮ ದೇಶದ ಕಾನೂನಿನ ಬಗ್ಗೆ ಸಲಹೆ ಕೊಟ್ಟು ಹೋಗಬಹುದು ಎಂದು 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ಭಾರತೀಯ ವಕೀಲರ ಪರಿಷತ್ತು ಪರಸ್ಪರತೆಯ ಆಧಾರದ ಮೇಲೆ ಸ್ವಲ್ಪ ಬಾಗಿಲು ತೆರೆಯುವ ನಿಯಮ ತಂದಿತು. ಬ್ರಿಟನ್ ಈ ಬಾಗಿಲನ್ನು ವರ್ಷಗಳಿಂದ ತಟ್ಟುತ್ತಿತ್ತು. 2025ರ ಒಪ್ಪಂದದಲ್ಲೂ ಅದು ತೆರೆಯಲಿಲ್ಲ.

ಇನ್ನೊಂದು ಸಂಗತಿ. ಶಿಕ್ಷಣ, ಆರೋಗ್ಯದಂಥ ಸೇವೆಗಳಲ್ಲಿ ರಾಜ್ಯಗಳ ಕೈ ದೊಡ್ಡದು, ಸಹಿ ಹಾಕುವುದು ಮಾತ್ರ ಕೇಂದ್ರ. ಅಂತರರಾಷ್ಟ್ರೀಯ ಒಪ್ಪಂದ ಜಾರಿಗೊಳಿಸಲು ಯಾವ ವಿಷಯದ ಮೇಲೂ ಕಾನೂನು ಮಾಡುವ ಅಧಿಕಾರವನ್ನು ಸಂವಿಧಾನದ 253ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಇಷ್ಟೊಂದು ಸೇವೆಗಳನ್ನು ಮಾರುವ ಕರ್ನಾಟಕ ಇಂಥ ಮಾತುಕತೆಗಳ ಮುನ್ನ ತನ್ನದೇ ಬೇಡಿಕೆಯ ಪಟ್ಟಿ ಹಿಡಿದು ದೆಹಲಿಗೆ ಹೋಗಬೇಕು ಎಂದು ನಾನಂತೂ ಬಯಸುತ್ತೇನೆ.

ಹಂತ 7: ಪದವಿಗೆ ಮಾನ್ಯತೆ ಇದೆಯೇ?

ಸಾಫ್ಟ್‌ವೇರಿನವರು ಈ ಹಂತ ದಾಟಬಹುದು. ಕೋಡ್ ಬರೆಯಲು ಯಾರೂ ಪರವಾನಗಿ ಕೇಳುವುದಿಲ್ಲ. ನರ್ಸ್, ವೈದ್ಯ, ವಾಸ್ತುಶಿಲ್ಪಿ, ಲೆಕ್ಕಪರಿಶೋಧಕರಿಗೆ ಎಲ್ಲವೂ ಇಲ್ಲೇ ನಿಲ್ಲುತ್ತದೆ. ವೀಸಾ ಸಿಕ್ಕರೂ ಅಲ್ಲಿನ ವೃತ್ತಿ ಮಂಡಳಿಯ ನೋಂದಣಿ ಇಲ್ಲದೆ ಕೆಲಸವಿಲ್ಲ. ಸೇವೆಗಳ ಅಧ್ಯಾಯ ಈ ವಿಷಯದಲ್ಲಿ ಸಾಮಾನ್ಯವಾಗಿ ಹೇಳುವುದು ಇಷ್ಟೇ: ಎರಡೂ ದೇಶಗಳ ವೃತ್ತಿ ಮಂಡಳಿಗಳು ಪರಸ್ಪರ ಮಾನ್ಯತೆಯ ಬಗ್ಗೆ ಮಾತಾಡಲು ಪ್ರೋತ್ಸಾಹಿಸಲಾಗುವುದು. ಪ್ರೋತ್ಸಾಹ ಎಂದರೆ ಬಾಧ್ಯತೆಯಲ್ಲ.

ಸಿಂಗಪುರ ಒಪ್ಪಂದ ಇದಕ್ಕಿಂತ ಮುಂದೆ ಹೋಗಿ ಗಡುವನ್ನೂ ಬರೆದಿತ್ತು. ಲೆಕ್ಕಪತ್ರ, ವಾಸ್ತುಶಿಲ್ಪ, ವೈದ್ಯಕೀಯ, ದಂತವೈದ್ಯ, ನರ್ಸಿಂಗ್ ಈ ಐದಕ್ಕೆ ಜಾರಿಯಾದ 12 ತಿಂಗಳೊಳಗೆ ಮಾನ್ಯತೆಯ ಮಾತುಕತೆ ಮುಗಿಸಬೇಕು ಎಂದಿತ್ತು. 2005ರಲ್ಲಿ ಬರೆದ ಮಾತು. ನರ್ಸಿಂಗ್‌ನ ಒಪ್ಪಂದ ಕೈಗೂಡಿದ್ದು 2018ರಲ್ಲಿ, ಅದೂ ಆಯ್ದ ಕೆಲವು ಸಂಸ್ಥೆಗಳ ಪದವಿಗೆ. ಹದಿಮೂರು ವರ್ಷದಲ್ಲಿ ಒಬ್ಬ ವಿದ್ಯಾರ್ಥಿನಿ ಪಿಯುಸಿ ಮುಗಿಸಿ, ನರ್ಸಿಂಗ್ ಓದಿ, ಮೇಲ್ವಿಚಾರಕಿಯಾಗುತ್ತಾಳೆ. ತಪ್ಪು ಸಿಂಗಪುರದ್ದೊಂದೇ ಅಲ್ಲ. ಮಂಡಳಿಗಳು ಎರಡೂ ಕಡೆ ಸ್ವಂತ ಸದಸ್ಯರ ಕಾವಲುಗಾರರು, ನಮ್ಮವೂ ಹೊರಗಿನವರಿಗೆ ಸುಲಭವಾಗಿ ಜಾಗ ಬಿಡುವುದಿಲ್ಲ.

ಹಾಗಾಗಿ ನರ್ಸಿಂಗ್ ಮುಗಿಸಿದವರು ಒಪ್ಪಂದಕ್ಕಿಂತ ಮೊದಲು ಆ ದೇಶದ ನರ್ಸಿಂಗ್ ಮಂಡಳಿಯ ನಿಯಮ ಓದಲಿ: ಯಾವ ಪರೀಕ್ಷೆ, ಯಾವ ಭಾಷಾ ಅಂಕ, ಯಾವ ಕಾಲೇಜು. ಲೆಕ್ಕಪರಿಶೋಧಕರ ಸ್ಥಿತಿ ವಾಸಿ. ಅವರ ಸಂಸ್ಥೆ ಐಸಿಎಐ, ಸರ್ಕಾರದ ಒಪ್ಪಂದಕ್ಕೆ ಕಾಯದೆ, ಆಸ್ಟ್ರೇಲಿಯಾ ಮತ್ತು ಬ್ರಿಟನ್ನಿನ ವೃತ್ತಿಸಂಸ್ಥೆಗಳ ಜೊತೆ ತಾನೇ ಒಡಂಬಡಿಕೆ ಮಾಡಿಕೊಂಡಿದೆ.

ಹಂತ 8: ಪಕ್ಕದ ಕಾಗದಗಳನ್ನು ಬಿಡಬೇಡಿ

ಒಪ್ಪಂದದ ಜೊತೆಗೆ ಬರುವ, ಆದರೆ ಅದರೊಳಗೆ ಇರದ ಕಾಗದಗಳಲ್ಲೇ ಕೆಲವೊಮ್ಮೆ ದೊಡ್ಡ ಲಾಭ ಅಡಗಿರುತ್ತದೆ. ಭಾರತದಲ್ಲಿ ಕೂತು ಆಸ್ಟ್ರೇಲಿಯಾದ ಗಿರಾಕಿಗೆ ಕೊಟ್ಟ ತಾಂತ್ರಿಕ ಸೇವೆಯ ಆದಾಯಕ್ಕೂ ಆ ದೇಶ ತೆರಿಗೆ ಹಾಕುತ್ತಿತ್ತು. ನಮ್ಮ ಐಟಿ ಕಂಪನಿಗಳ ಹಳೆಯ ದೂರು ಇದು. 2022ರಲ್ಲಿ ವ್ಯಾಪಾರ ಒಪ್ಪಂದದ ಜೊತೆಜೊತೆಗೇ ಆಸ್ಟ್ರೇಲಿಯಾ ತನ್ನ ತೆರಿಗೆ ಕಾನೂನು ತಿದ್ದಿ ಅದನ್ನು ನಿಲ್ಲಿಸಿತು. ನನ್ನ ಲೆಕ್ಕದಲ್ಲಿ, ಬೆಂಗಳೂರಿನ ಕಂಪನಿಗಳಿಗೆ 135 ಉಪವಲಯಗಳೆಲ್ಲ ಸೇರಿ ಕೊಟ್ಟದ್ದಕ್ಕಿಂತ ಹೆಚ್ಚನ್ನು ಈ ಒಂದು ತಿದ್ದುಪಡಿ ಕೊಟ್ಟಿದೆ.

ಬ್ರಿಟನ್ ವಿಷಯದಲ್ಲಿ ಇಂಥದ್ದೇ ಇನ್ನೊಂದು: ತಾತ್ಕಾಲಿಕವಾಗಿ ಅಲ್ಲಿಗೆ ಹೋದ ನೌಕರ ಇಲ್ಲಿ ಪಿಎಫ್ ಕಟ್ಟುತ್ತಲೇ ಅಲ್ಲಿನ ಸಾಮಾಜಿಕ ಭದ್ರತೆಗೂ ಕಟ್ಟಬೇಕಾದ ಎರಡು ಹೊರೆಯನ್ನು ನಿಗದಿತ ಅವಧಿಯವರೆಗೆ ತಪ್ಪಿಸುವ ಪ್ರತ್ಯೇಕ ಒಪ್ಪಂದ. ಬೆಲ್ಜಿಯಂ, ಜರ್ಮನಿ ಸೇರಿದಂತೆ ಹಲವು ದೇಶಗಳ ಜೊತೆ ಇಂಥ ಸಾಮಾಜಿಕ ಭದ್ರತಾ ಒಪ್ಪಂದಗಳು ಮೊದಲಿನಿಂದಲೂ ಇವೆ. ಅದರ ಲಾಭ ಬೇಕಿದ್ದರೆ ನೌಕರ ಹೊರಡುವ ಮುಂಚೆ ಭವಿಷ್ಯನಿಧಿ ಸಂಸ್ಥೆಯಾದ ಇಪಿಎಫ್‌ಒದಿಂದ ವ್ಯಾಪ್ತಿ ಪ್ರಮಾಣಪತ್ರ ಪಡೆದಿರಬೇಕು. ವಿಮಾನ ಹತ್ತಿದ ಮೇಲೆ ನೆನಪಾದರೆ ಗೋಳು.

ಹಂತ 9: ಎರಡು ಷರತ್ತುಗಳನ್ನು ಬೇಗ ನೋಡಿ ಮುಗಿಸಿ

ಮೊದಲನೆಯದು, ಪರಮಾಪ್ತ ರಾಷ್ಟ್ರದ ಷರತ್ತು. ಆ ದೇಶ ಮುಂದೆ ಬೇರೆಯವರಿಗೆ ಇನ್ನೂ ಹೆಚ್ಚು ಕೊಟ್ಟರೆ ನಮಗೂ ಅದು ಸಿಗುತ್ತದೆಯೇ? ಆಸ್ಟ್ರೇಲಿಯಾ ಸುಮಾರು 120 ಉಪವಲಯಗಳಲ್ಲಿ ಈ ಮಾತು ಕೊಟ್ಟಿದೆ, ಭಾರತ 31ರಲ್ಲಿ. ಎರಡನೆಯದು, ಸವಲತ್ತು ನಿರಾಕರಣೆ. ಬರೀ ಬೋರ್ಡು ತಗುಲಿಸಿದ ಕಂಪನಿಗೆ ಒಪ್ಪಂದದ ಲಾಭವಿಲ್ಲ, ಅಲ್ಲಿ ನಿಜವಾದ ವ್ಯಾಪಾರ ನಡೆಯುತ್ತಿರಬೇಕು. ಸರಕಿಗೆ ಬೇಕಾದಂತೆ ಮೂಲ ದೇಶದ ಪ್ರಮಾಣಪತ್ರ ಸೇವೆಗಳಿಗೆ ಬೇಕಿಲ್ಲ. ಅದರ ಕೆಲಸವನ್ನು ಈ ಷರತ್ತೇ ಮಾಡುತ್ತದೆ.

ಹಂತ 10: ಸಿಗದ್ದನ್ನು ಬರೆದು ಕಳಿಸಿ

ಇಷ್ಟು ಓದಿದ ಮೇಲೆ ಎರಡರಲ್ಲಿ ಒಂದು ಆಗುತ್ತದೆ. ನಿಮ್ಮ ಸಾಲು ಅನುಕೂಲವಾಗಿದ್ದರೆ ಮನೆಯ ಕಾಗದ ಸರಿಮಾಡಿಕೊಳ್ಳಿ: ಸೇವಾ ರಫ್ತಿಗೆ ಜಿಎಸ್‌ಟಿ ಶೂನ್ಯ ದರದ್ದು, ಆದರೆ ತೆರಿಗೆ ಕಟ್ಟದೆ ರಫ್ತು ಮಾಡಲು ಎಲ್‌ಯುಟಿ ಎಂಬ ಮುಚ್ಚಳಿಕೆ ಪ್ರತಿ ಹಣಕಾಸು ವರ್ಷ ಸಲ್ಲಿಸಬೇಕು, ಹಣ ಬಂದದ್ದಕ್ಕೆ ಬ್ಯಾಂಕಿನ ದಾಖಲೆ ಇರಬೇಕು. ಗಿರಾಕಿಯ ಜೊತೆಗಿನ ಕರಾರಿನಲ್ಲಿ ಕೆಲಸವನ್ನು ಸೇವಾ ಗುತ್ತಿಗೆ ಎಂದೇ ಬರೆಸಿ, ನೌಕರಿಯ ವಾಸನೆ ಬರುವಂತೆ ಬೇಡ.

ಸಾಲು ಅನುಕೂಲವಾಗಿಲ್ಲದಿದ್ದರೆ ಸುಮ್ಮನಿರಬೇಡಿ. ಬಹುತೇಕ ಒಪ್ಪಂದಗಳಲ್ಲಿ ಮರುಪರಿಶೀಲನೆಯ ವಿಧಿ ಇರುತ್ತದೆ. ಮಾತುಕತೆಗೆ ಮುನ್ನ ವಾಣಿಜ್ಯ ಇಲಾಖೆ ಉದ್ಯಮ ಸಂಘಗಳ ಮತ್ತು ಸೇವಾ ರಫ್ತು ಉತ್ತೇಜನ ಮಂಡಳಿಯ ಅಭಿಪ್ರಾಯ ಕೇಳುತ್ತದೆ. ಅಲ್ಲಿಗೆ ಹೋಗುವ ಪತ್ರಗಳಲ್ಲಿ ಬಹುಪಾಲು ‘ವೀಸಾ ಕಷ್ಟ, ದಯವಿಟ್ಟು ಗಮನಿಸಿ’ ಎಂಬ ಧಾಟಿಯವಾದರೆ, ಅವನ್ನು ಹಿಡಿದು ಅಧಿಕಾರಿ ಮೇಜಿನ ಮೇಲೆ ಏನನ್ನೂ ಕೇಳಲಾರ. ನೀವು ಬರೆಯುವಾಗ ಒಂದೇ ಪುಟ ಸಾಕು: ನನ್ನ ಸೇವೆಯ ಸಿಪಿಸಿ ಸಂಖ್ಯೆ ಇದು, ಮೋಡ್ ಇದು, ಆ ದೇಶದ ಇಂಥ ನಿಯಮ ಅಡ್ಡಿ, ಅದರಿಂದ ಕಳೆದ ವರ್ಷ ಕೈತಪ್ಪಿದ ಕೆಲಸ ಇಷ್ಟು, ಅನುಸೂಚಿಯಲ್ಲಿ ಈ ಪದದ ಬದಲು ಈ ಪದ ಬರಬೇಕು. ಸಣ್ಣ ಊರಿನ ಸಣ್ಣ ಕಂಪನಿಯಿಂದ ಬಂದರೂ ಸರಿ, ಇಷ್ಟು ವಿವರವಿರುವ ಪತ್ರವನ್ನು ಮಾತುಕತೆಯ ತಂಡ ಬಳಸಿಕೊಳ್ಳಬಲ್ಲದು. ನಿಮ್ಮ ಜಿಲ್ಲೆಯ ವಾಣಿಜ್ಯ ಸಂಘದ ಮುಂದಿನ ಸಭೆಗೆ ಅದನ್ನು ಬರೆದುಕೊಂಡೇ ಹೋಗಿ.